ತಪ್ಪಾಗಿ ಕೇಳಿಸಿಕೊಂಡ ಪದ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಇಳಿಸುವವರು ತಮ್ಮತಮ್ಮಲ್ಲಿ ಕನ್ನಡ ಮಾತಾಡುವುದು ಕಿವಿಗೆ ಬಿದ್ದರೆ ಸಾಕು, ನಾನೂ ಅವ್ವನೂ ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಡುತ್ತಿದ್ದೆವು. 'ಬರಾಕತ್ತೀನಿ' ಅಂದರೆ ಬೆಳಗಾವಿ, ಬಾಗಲಕೋಟೆ ಕಡೆಯವರು. 'ಬರ್ಲಕತ್ತೀನಿ' ಅಂದರೆ ನಮ್ಮ ಕಲಬುರಗಿ ಕಡೆಯವರು. ಅಷ್ಟು ಯಾರಾದರೂ ಹೇಳಿಯಾರು; ಇನ್ನೊಂದೆರಡು ಮಾತು ಕೇಳಿಸಿಕೊಂಡು ತಾಲ್ಲೂಕು ಯಾವುದೆಂದು ಹೇಳಬೇಕು, ಅದು ಆಟ. ಅಪ್ಪ ಅದೇ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಕಾಲದಿಂದ ನಮ್ಮ ಮನೆಯಲ್ಲಿ ಈ ಆಟ ನಡೆದುಬಂದಿತ್ತು.

"ಯಾವೂರೋ ತಮ್ಮಾ ನಿಂದು? ಸೇಡಂ ಕಡಿ ಅಲ್ಲೇನು?" ಎಂದು ಅವ್ವ ಕೇಳುವಳು.

"ಹೌದ್ರೀ ಅವ್ವಾರ, ನಿಮಗ ಹ್ಯಾಂಗ ಗೊತ್ತಾಯ್ತ್ರೀ?" ಎಂದು ಅವನು ಬಾಯಿ ಬಿಟ್ಟರೆ ಅವ್ವನಿಗೆ ಆ ದಿನವೆಲ್ಲ ಹಿಗ್ಗು. ಸೊಪ್ಪು ಕೊಳ್ಳುವುದನ್ನೂ ಮರೆತು ಮನೆಗೆ ಬರುತ್ತಿದ್ದಳು.

ನನ್ನ ಉದ್ಯೋಗ ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನ. ಅದರಲ್ಲೂ ಹೊಸದಾಗಿ ಮತದಾನ ಕಲಿಯುತ್ತಿರುವ ದೇಶಗಳು ನನ್ನ ಪಾಲಿಗೆ ಬಂದವು. ಹೇಳಿಕೊಳ್ಳಲು ದೊಡ್ಡ ಹೆಸರು. ದಿನದ ಕೆಲಸ ಮಾತ್ರ ಇಷ್ಟೇ: ಜನ ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಬರೆದುಕೊಳ್ಳುವುದು, ಆಮೇಲೆ ಹೇಳಿದವರು ಯಾರೆಂದು ಯಾರಿಗೂ ತಿಳಿಯದಂತೆ ಗುರುತು ಅಳಿಸುವುದು. ನಾನು ಮೂರನೆಯದರಲ್ಲಿ ಪಳಗಿದವಳು ಎಂದು ನಮ್ಮ ಸಂಸ್ಥೆಯಲ್ಲಿ ಹೆಸರಿತ್ತು. ಹೊಸಬರು ಬಂದರೆ ನಿರ್ದೇಶಕರು ಮರಾಠಿಯಲ್ಲಿ "ಬಾಯೀಂಕಡೆ ಜಾ", ಮೇಡಂ ಹತ್ತಿರ ಹೋಗು, ಎಂದು ನನ್ನ ಕೋಣೆಗೆ ಕಳಿಸುತ್ತಿದ್ದರು.

ಈಗ ಹೇಳುವ ದೇಶದ ಹೆಸರು ಹೇಳುವುದಿಲ್ಲ. ಬಹಳ ಕಾಲ ಸೈನ್ಯ ಆಳಿತು, ಒಮ್ಮೆ ಚುನಾವಣೆಯಾಯಿತು, ಮತ್ತೆ ಸೈನ್ಯ ಬಂತು ಎಂದರೆ ಸಾಕು. ಅಲ್ಲಿಯ ಮಕ್ಕಳು ಪುಣೆಗೆ ಓದಲು ಬರುತ್ತಾರೆ. ಅವರಲ್ಲಿ ಒಬ್ಬಳು, ಔಷಧಶಾಸ್ತ್ರದ ವಿದ್ಯಾರ್ಥಿನಿ, ಹಡಪಸರದಲ್ಲಿ ಗೆಳತಿಯರ ಜೊತೆ ಕೋಣೆ ಮಾಡಿಕೊಂಡಿದ್ದಳು. ಆ ಒಂದೇ ಚುನಾವಣೆಯಲ್ಲಿ ಅವಳೂ ಅವಳ ಅಣ್ಣನೂ ತಮ್ಮ ಹಳ್ಳಿಯ ಶಾಲೆಯಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದರು. ಅಣ್ಣ ಅದೇ ಶಾಲೆಯ ಮಾಸ್ತರ. ಎಣಿಕೆ ಮುಗಿದ ಮೇಲೆ ಸಮವಸ್ತ್ರದವನೊಬ್ಬ ಬಂದು, ಫಲಿತಾಂಶ ಬೇರೆ ಬರೆಯಿರಿ ಎಂದ. ಅಣ್ಣ ಬರೆಯಲಿಲ್ಲ. ನಿಜವಾದ ಫಲಿತಾಂಶವನ್ನು ಶಾಲೆಯ ಬಾಗಿಲಿಗೆ ಅಂಟಿಸಿದ. ಆ ಕೋಣೆಯಲ್ಲಿದ್ದವರು ಬೆರಳೆಣಿಕೆಯ ಜನ. ಸೈನ್ಯ ಮರಳಿ ಬಂದ ಮೇಲೆ, ಎಣಿಕೆಯ ಬಗ್ಗೆ ಬಾಯಿ ಬಿಟ್ಟ ಮತಗಟ್ಟೆ ಸಿಬ್ಬಂದಿಯನ್ನು ಹುಡುಕಿ ಒಳಗೆ ಹಾಕುತ್ತಿದ್ದರು. ಕೆಲವರು ಹೊರಗೆ ಬಂದೇ ಇರಲಿಲ್ಲ.

ಅವಳು ಇದನ್ನೆಲ್ಲ ಹೇಳಿದ್ದು ಬಿಬವೇವಾಡಿಯ ನಮ್ಮ ಮನೆಯಲ್ಲಿ, ಅವ್ವನ ಅಡುಗೆಮನೆಯ ಬಾಗಿಲಲ್ಲಿ ಕೂತು, ಹಲವು ಭಾನುವಾರ. ಅವ್ವನಿಗೆ ಇಂಗ್ಲಿಷ್ ಬಾರದು, ಅವಳಿಗೆ ಮರಾಠಿ ಬಾರದು. ಹೀಗಾಗಿ ಇಬ್ಬರೂ ಕನ್ನಡವೇ ಗತಿ ಎಂದು ಶುರು ಹಚ್ಚಿಕೊಂಡರು. "ಸಾಕವ್ವ", "ಭಾಳ ಖಾರ ಅದ", "ಇನ್ನೊಂದ್ ರೊಟ್ಟಿ ಕೊಡವ್ವ" ಎಂದು ಅವಳು ಅಪ್ಪಟ ಕಲಬುರಗಿ ಧಾಟಿಯಲ್ಲಿ ಹೇಳುವುದನ್ನು ಕೇಳಿದರೆ ನಗು ತಡೆಯಲಾಗುತ್ತಿರಲಿಲ್ಲ.

ಆ ಮಾತುಕತೆಯಲ್ಲಿ ಒಂದು ಪದ ಬಂತು. ಅವರ ದೇಶದ ರಾಜಧಾನಿಯ ಭಾಷೆಯಲ್ಲಿ ಮತ ಹಾಕುವುದಕ್ಕೆ ಸರ್ಕಾರಿ ಪದ ಒಂದಿದೆ. ಅವಳ ಊರಿನವರು ಹಾಗನ್ನುವುದಿಲ್ಲ. ಹಿಂದೆ ಊರ ಪಂಚಾಯಿತಿ ಕೂಡಿದಾಗ ಮಡಕೆಯಲ್ಲಿ ಕಾಳು ಹಾಕಿ ಒಪ್ಪಿಗೆ ತಿಳಿಸುತ್ತಿದ್ದರಂತೆ. ಚುನಾವಣೆ ಬಂದಾಗ ಮುದುಕಿಯರು ಅದನ್ನೂ ಹಾಗೇ ಕರೆದರಂತೆ. ಇಲ್ಲಿ ಅದನ್ನು 'ಕಾಳು ಹಾಕುವುದು' ಎಂದಿಟ್ಟುಕೊಳ್ಳೋಣ. ನಿಜವಾದ ಪದ ಇದಲ್ಲ, ನಿಜವಾದ ವಸ್ತುವೂ ಕಾಳಲ್ಲ. ಊರು, ನೆಂಟಸ್ತಿಕೆ, ಓದು, ಎಲ್ಲವನ್ನೂ ಈ ಬರಹದಲ್ಲಿ ಬದಲಿಸಿದ್ದೇನೆ. ಈ ಸಲ ನನ್ನ ಕೆಲಸವನ್ನು ಸರಿಯಾಗಿ ಮಾಡಿದ್ದೇನೆ.

ಅವ್ವನಿಗೂ ಆ ಪದ ಬಹಳ ಹಿಡಿಸಿತು. "ಎಷ್ಟ್ ಛಂದ ಅದ ನೋಡು. ನಾವು ಬಟನ್ ಒತ್ತಿ ಬರ್ತೀವಿ, ಕುಂಯ್ ಅಂತದ, ಅಷ್ಟೇ" ಎಂದಳು. ಹುಡುಗಿಯಿಂದ ಮೂಲ ಪದವನ್ನೇ ಹೇಳಿಸಿ ಹೇಳಿಸಿ ಕಲಿತಳು.

ಈ ಮಾತುಗಳನ್ನು ನಾನು ಬರೆಯುತ್ತಿದ್ದ ಪುಸ್ತಕಕ್ಕೆ ಹಾಕುವ ಮೊದಲು ಗುರುತು ಅಳಿಸಲು ಕೂತೆ. ಹೆಣ್ಣನ್ನು ಗಂಡು ಮಾಡಿದೆ. ವಯಸ್ಸು ಏರಿಸಿದೆ. ಅಣ್ಣ-ತಂಗಿ ಇಬ್ಬರ ಮಾತನ್ನು ಒಬ್ಬನ ಬಾಯಿಗೆ ಹಾಕಿದೆ. ಹೊಳೆ, ಬೆಳೆ, ದೇವರ ಹೆಸರು ತೆಗೆದೆ. ಶಾಲೆ ಹೋಗಿ 'ಸರ್ಕಾರಿ ಕಟ್ಟಡ'ವಾಯಿತು. ಧ್ವನಿಮುದ್ರಣವನ್ನು ಬರೆದುಕೊಂಡ ಮೇಲೆ ಅಳಿಸಿದೆ. ಕೊನೆಗೆ ನಮ್ಮ ರೂಢಿಯಂತೆ, ಆ ದೇಶವನ್ನು ಬಲ್ಲ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಟ್ಟು, ಇದು ಯಾವ ಪ್ರಾಂತ್ಯ ಊಹಿಸಿ ಎಂದೆ. ಅವರು ಎರಡು ಸಲ ಓದಿ ತಪ್ಪು ಹೇಳಿದರು. ನಾನು ಹಾಯೆನಿಸಿ ಚಹಾ ಕುಡಿದೆ. ಆ ಸಹೋದ್ಯೋಗಿಗೆ ಗೊತ್ತಿದ್ದದ್ದು ರಾಜಧಾನಿಯ ಭಾಷೆ ಮಾತ್ರ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಆ ಪದವನ್ನೂ ತೆಗೆಯಲೇ ಎಂದು ವಿದ್ಯಾರ್ಥಿನಿಯನ್ನು ಕೇಳಿದ್ದೆ. "ಎಲ್ಲ ಬದಲಿಸಿ, ಅದೊಂದನ್ನು ಬಿಡಿ. ಅದೂ ಹೋದರೆ ಇದು ನಾನೇ ಹೇಳಿದ್ದು ಅಂತ ನನಗೇ ಗೊತ್ತಾಗುವುದಿಲ್ಲ" ಎಂದಳು. ನನಗೂ ಬೇಕಾಗಿದ್ದದ್ದು ಅದೇ. ಪುಸ್ತಕದ ಮುಖ್ಯ ಅಧ್ಯಾಯಕ್ಕೆ ಆ ಪದವನ್ನೇ ತಲೆಬರಹ ಮಾಡಿದೆ.

ವಿದೇಶದ ಪ್ರಕಾಶಕರು ಪುಸ್ತಕ ಒಪ್ಪಿ, ಕರಡಚ್ಚು ಕಳಿಸಿದ್ದರು. ಅದೇ ಸಮಯಕ್ಕೆ ನಮ್ಮ ಸಂಸ್ಥೆಯ ಸಭಾಂಗಣದಲ್ಲಿ ಆ ಅಧ್ಯಾಯದ ಮೇಲೆ ಉಪನ್ಯಾಸ ಕೊಟ್ಟೆ. ಜನ ತೂಕಡಿಸಬಾರದೆಂದು ಮೊದಲಿಗೆ ಮಾರ್ಕೆಟ್ ಯಾರ್ಡಿನ ಆಟ ಹೇಳಿದೆ. ಒಂದು ಕ್ರಿಯಾಪದ ಸಿಕ್ಕರೆ ಜಿಲ್ಲೆ ಹೇಳುತ್ತೇವೆ, ಎರಡು ಸಿಕ್ಕರೆ ತಾಲ್ಲೂಕು ಎಂದಾಗ ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಬೂದು ಕೋಟಿನವರೊಬ್ಬರು ನಗದೆ ಬರೆದುಕೊಂಡರು.

ಉಪನ್ಯಾಸ ಮುಗಿದ ಮೇಲೆ ಅವರು ಚಹಾದ ಕಪ್ಪು ಹಿಡಿದು ಹತ್ತಿರ ಬಂದರು. ಆ ದೇಶದ ರಾಯಭಾರ ಕಚೇರಿಯ ಸಾಂಸ್ಕೃತಿಕ ವಿಭಾಗದವರಂತೆ. ಸೌಜನ್ಯದ ಮನುಷ್ಯ, ಮೆಲುದನಿ. ನಾವು ಆಡಿದ್ದು ಇಂಗ್ಲಿಷಿನಲ್ಲಿ.

"ಒಳ್ಳೆಯ ಪದ ಹಿಡಿದಿದ್ದೀರಿ. ಎಷ್ಟೋ ವರ್ಷವಾಗಿತ್ತು ಕೇಳಿ" ಎಂದರು.

"ಓ, ನಿಮಗೂ ಗೊತ್ತೇ?" ಎಂದೆ, ಪೆದ್ದಿಯ ಹಾಗೆ ಹಿಗ್ಗಿ.

"ನಮ್ಮ ತಾಯಿ ಆ ಕಣಿವೆಯ ಕೆಳಗಿನವರು. ಕಣಿವೆಯ ಮೇಲಿನ ಮೂರು ಹಳ್ಳಿಯವರು ಮಾತ್ರ ಹಾಗನ್ನುತ್ತಾರೆ. ಚಿಕ್ಕವರಿದ್ದಾಗ ನಾವು ಅವರನ್ನು ಅಣಕಿಸುತ್ತಿದ್ದೆವು." ಕಪ್ಪನ್ನು ಮೇಜಿನ ಮೇಲಿಟ್ಟು ಮುಗುಳ್ನಕ್ಕರು. "ನಿಮ್ಮ ಆಟ ಚೆನ್ನಾಗಿದೆ. ನಾನೂ ಆಡಿ ನೋಡಿದೆ."

ಮೂರು ಹಳ್ಳಿ ಎಂದರೆ ಮೂರು ಶಾಲೆ, ಮೂರು ಮತಗಟ್ಟೆ. ಎಣಿಕೆಯ ಕೋಣೆಯಲ್ಲಿದ್ದ ಮಾಸ್ತರರನ್ನು ಕರೆದು ಕೇಳಲು ಒಂದು ಬೆಳಗು ಸಾಕು. ಗಂಡು-ಹೆಣ್ಣು ಅದಲುಬದಲು ಮಾಡಿ, ಹೊಳೆ ಅಳಿಸಿ, ಬೆಳೆ ಅಳಿಸಿ, ಊರಿನ ಮೊಹರನ್ನು ದಪ್ಪಕ್ಷರದಲ್ಲಿ ತಲೆಬರಹ ಮಾಡಿದ್ದೆ. ಅದೂ ಯಾರು, ಮಾತು ಕೇಳಿ ತಾಲ್ಲೂಕು ಹೇಳುವ ಮನೆಯ ಮಗಳು! ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನು ವರ್ಷವಿಡೀ ಮೂಗು ಮುರಿಯುತ್ತಿದ್ದೆ.

ಅಂದೇ ಹಡಪಸರಕ್ಕೆ ಹೋದೆ. ರಿಕ್ಷಾ ಗಾಡಿಗಳ ನಡುವೆ ಸಿಕ್ಕಿಕೊಂಡು ನಿಂತಷ್ಟೂ ಹೊತ್ತು ಏನು ಹೇಳಲಿ ಎಂದು ತಿಳಿಯದೆ ಸೆರಗಿನ ತುದಿ ಸುತ್ತುತ್ತ ಕೂತೆ. ವಿದ್ಯಾರ್ಥಿನಿ ಸುದ್ದಿ ಕೇಳಿ ಅಳಲಿಲ್ಲ. ಆ ಮನುಷ್ಯ ಹೇಗಿದ್ದರು ಎಂದು ಕೇಳಿದಳು, ಅಷ್ಟೇ. ಅಣ್ಣನಿಗೆ ಫೋನು ಮಾಡುವ ಹಾಗಿಲ್ಲ, ಕದ್ದು ಕೇಳುತ್ತಾರೆ. ತಾಯಿಯನ್ನೂ ಶಾಲೆಯನ್ನೂ ಬಿಟ್ಟು ಅವನು ಊರು ಬಿಡುವವನೂ ಅಲ್ಲ.

"ಮೇಡಂ, ಆ ಪದ ಬಿಡಿ ಅಂತ ನಾನೇ ಹೇಳಿದ್ದು" ಎಂದಳು.

"ನೀನು ಹೇಳಿದರೆ ಕೇಳುವುದಾ ನಾನು? ನನ್ನ ಕೆಲಸವೇ ಅದಲ್ಲವೇ" ಎಂದು ಗದರಿದೆ. ಸಿಟ್ಟು ಬಂದದ್ದು ಅವಳ ಮೇಲಲ್ಲ.

ಮರುದಿನ ಬೂದು ಕೋಟಿನವರ ಇಮೇಲು ಬಂತು. ಅವರ ಕಚೇರಿ ಉಪಭಾಷೆಗಳ ಪದಕೋಶ ಮಾಡಿಸುತ್ತಿದೆಯಂತೆ. ಆ ಪದ ಹೇಳಿದವರನ್ನು ಗೌರವಿಸಬೇಕೆಂದಿದೆಯಂತೆ. ಕೊನೆಯ ಸಾಲು ಹೀಗಿತ್ತು: ಹೇಳಿದವರು ಪುಣೆಯಲ್ಲೇ ಇದ್ದರೆ ನಾನೇ ಬಂದು ಕಾಣಬಲ್ಲೆ. ವಿದ್ಯಾರ್ಥಿನಿಯ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿತ್ತು, ನವೀಕರಣಕ್ಕೆ ಅವಳು ಅದೇ ಕಚೇರಿಯ ಬಾಗಿಲಿಗೆ ಹೋಗಬೇಕಿತ್ತು.

ನಿರ್ದೇಶಕರ ಬಳಿ ಓಡಿದೆ. ಜಾಲತಾಣದಲ್ಲಿದ್ದ ಉಪನ್ಯಾಸದ ವಿಡಿಯೋ ತೆಗೆಸಿ ಎಂದೆ. ಅವರು ಒಳ್ಳೆಯವರು, ಆದರೆ ಪ್ರತಿಯೊಂದಕ್ಕೂ ಎರಡು ಸಲ ಕನ್ನಡಕ ಒರೆಸುವವರು.

"ಒಂದು ಪದದಿಂದ ಯಾರು ಯಾರನ್ನು ಹಿಡಿಯುತ್ತಾರೆ, ಬಾಯೀ? ನೀವು ಗಾಬರಿಯಾಗಿದ್ದೀರಿ" ಎಂದರು.

"ಸರ್, ಹೌದು ಅನ್ನಲು ನೀವು ಆಫೀಸಿನಲ್ಲಿ ದಿನವೆಲ್ಲ 'ಹೋ, ಹೋ' ಅನ್ನುತ್ತೀರಿ. ಮನೆಯಿಂದ ನಿಮ್ಮ ತಾಯಿಯ ಫೋನು ಬಂದರೆ 'ವ್ಹಯ್' ಅನ್ನುತ್ತೀರಿ. ನೀವು ಪುಣೆಯ ಪೇಟೆಯವರಲ್ಲ, ಕೊಲ್ಹಾಪುರದ ಕಡೆಯ ಹಳ್ಳಿಯವರು ಅಂತ ನಾನು ಕೆಲಸಕ್ಕೆ ಸೇರಿದ ವಾರವೇ ಗೊತ್ತಾಗಿತ್ತು. ಯಾರಿಗೂ ಹೇಳಿಲ್ಲ."

ಅವರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಆಮೇಲೆ ತಾವೇ ಎದ್ದು ಹೋಗಿ ವಿಡಿಯೋ ತೆಗೆಸಿದರು. ಆದರೆ ಅದರಿಂದ ಆದದ್ದೇನು? ಪ್ರಕಾಶಕರ ಪುಟದಲ್ಲಿ ಅಧ್ಯಾಯದ ತಲೆಬರಹ ಆಗಲೇ ಕಾಣುತ್ತಿತ್ತು. ಬೂದು ಕೋಟಿನವರು ಕೇಳಬೇಕಾದದ್ದನ್ನು ಕೇಳಿಸಿಕೊಂಡೂ ಆಗಿತ್ತು.

ಪದವನ್ನು ಮಾತ್ರ ತೆಗೆದರೆ, ಅವರು ಹೇಳಿದ್ದು ನಿಜ ಎಂದು ನಾನೇ ಒಪ್ಪಿಕೊಂಡ ಹಾಗೆ. ಇಡೀ ಅಧ್ಯಾಯ ಹಿಂದಕ್ಕೆ ಪಡೆದರೂ ಅಷ್ಟೇ. ಹಳೆಯ ಪುಸ್ತಕವೊಂದರಲ್ಲಿ ಸಿಕ್ಕಿತು ಎನ್ನಿ ಎಂದು ನಿರ್ದೇಶಕರು ಸಲಹೆ ಕೊಟ್ಟರು. ಯಾವ ಪುಸ್ತಕ, ಎಷ್ಟನೇ ಪುಟ ಎಂದು ಬೂದು ಕೋಟಿನವರು ಮರುದಿನವೇ ಕೇಳುತ್ತಾರೆ. ಉತ್ತರ ಕೊಡದೆ ಇದ್ದಷ್ಟೂ ಸಂಶಯ ಬಲಿಯುತ್ತದೆ. ಇಮೇಲು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಎರಡನೆಯ ಇಮೇಲೂ ಬಂತು: ತಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇವೆ.

ಅಂಥ ಒಂದು ಮಧ್ಯಾಹ್ನ ಪಕ್ಕದ ಮನೆಯ ಕಾಕು ಬಾಗಿಲಿಗೆ ಬಂದರು. ಮಹಾ ಕುತೂಹಲದ ಹೆಂಗಸು. ನಿಮ್ಮ ಮನೆಗೆ ಬರುತ್ತಿರುತ್ತಾಳಲ್ಲ ಆ ಪರದೇಶದ ಹುಡುಗಿ, ಯಾರವಳು, ನಿನ್ನೆ ಕೆಳಗೆ ಯಾರೋ ವಾಚ್‌ಮನ್ ಹತ್ತಿರ ಕೇಳುತ್ತಿದ್ದರು ಎಂದು ಮರಾಠಿಯಲ್ಲಿ ಅವ್ವನನ್ನು ಕೇಳಿದರು. ನಾನು ಒಳಗಿನಿಂದ ಎಲ್ಲ ಕೇಳುತ್ತಿದ್ದೆ.

ಅವ್ವ ಕಿವಿಗೆ ಕೈ ಹಿಡಿದು, "ಕಾಯ್? ಮಲಾ ಐಕೂ ಯೇತ್ ನಾಹೀ ಹೋ", ನನಗೆ ಕೇಳಿಸುವುದಿಲ್ಲ, ಎಂದಳು. ಕಾಕು ದನಿ ಏರಿಸಿದರು. ಅವ್ವ ತೊಗರಿಬೇಳೆಯ ಧಾರಣೆ ಹೇಳಿದಳು. ಕಾಕು ಇನ್ನೂ ಏರಿಸಿದರು. ಅವ್ವ ಮಂಡಿನೋವಿನ ಎಣ್ಣೆಯ ಹೆಸರು ಹೇಳಿದಳು. ಕಾಕು ಹಣೆ ಬಡಿದುಕೊಂಡು ಹೋದರು.

"ಅವ್ವಾ, ನಿನ್ನ ಕಿವಿಗೆ ಏನಾಗ್ಯಾದ?" ಎಂದೆ.

"ಏನೂ ಆಗಿಲ್ಲ, ಇರುವಿ ಹರದಾಡಿದ್ದೂ ಕೇಳಸ್ತದ. ಹೇಳ್ಬಾರ್ದು ಅನ್ನಿಸ್ದಾಗ ಕಿವಿ ಮಂದ ಅಂದ್ರಾತು. ಕಿವುಡಿ ಕೂಡ ಯಾರು ಜಗಳಾಡ್ತಾರ? ಬೈಕೋತ ಹೋಗ್ತಾರ, ಹೋಗ್ಲಿ" ಎಂದಳು.

ನಾನು ಕುರ್ಚಿಯಲ್ಲಿ ಕೂತೆ. ನನಗೆ ದಾರಿ ಸಿಕ್ಕಿತ್ತು. ಆ ದಾರಿಯಲ್ಲಿ ಏನೇನು ಕಳೆದುಕೊಳ್ಳಬೇಕೆಂಬುದೂ ಅದೇ ಹೊತ್ತಿಗೆ ಗೊತ್ತಾಯಿತು.

ಸುಳ್ಳು ನಂಬುವ ಹಾಗಿರಬೇಕು. ರಾಜಧಾನಿಯ ಭಾಷೆಯ ನಿಘಂಟುಗಳನ್ನು ತೆಗೆದು, ಉಚ್ಚಾರದಲ್ಲಿ ಆ ಪದಕ್ಕೆ ಹತ್ತಿರವಾದದ್ದನ್ನು ಹುಡುಕಿದೆ. ಮುದ್ರೆ ಒತ್ತುವುದು ಎಂಬರ್ಥದ, ಆಫೀಸುಗಳಲ್ಲಿ ಎಲ್ಲರೂ ಬಳಸುವ ಸಾದಾ ಪದವೊಂದು ಸಿಕ್ಕಿತು. ಒಂದು ಸ್ವರ, ಒಂದು ವ್ಯಂಜನ ಅಷ್ಟೇ ವ್ಯತ್ಯಾಸ. ಆಮೇಲೆ ತಿದ್ದುಪಡಿ ಬರೆದೆ. ಮಾಹಿತಿ ಕೊಟ್ಟವರು ರಾಜಧಾನಿಯ ನಿವಾಸಿ. ಅವರು ಅಂದದ್ದು ಈ ಸಾದಾ ಪದ. ಲೇಖಕಿಗೆ ಆ ಭಾಷೆಯ ಪರಿಚಯ ಸಾಲದೆ ತಪ್ಪಾಗಿ ಕೇಳಿಸಿಕೊಂಡಿದ್ದಾರೆ. ಕಾಳಿನ ಕಥೆಯು ಆ ತಪ್ಪಿನ ಮೇಲೆ ಲೇಖಕಿ ಕಟ್ಟಿಕೊಂಡ ಊಹೆ. ಇಡೀ ಅಧ್ಯಾಯವನ್ನು ಹಿಂದಕ್ಕೆ ಪಡೆಯಲಾಗಿದೆ. ಕೊನೆಯ ವಾಕ್ಯ ಬರೆದಾಗ ಕಣ್ಣು ತುಂಬಿ ಬಂತು. ನಿಜ ಹೇಳುತ್ತೇನೆ, ಅಣ್ಣನನ್ನು ನೆನೆದಲ್ಲ, ನನ್ನನ್ನು ನೆನೆದೇ ಅತ್ತದ್ದು.

ನಿರ್ದೇಶಕರು ಓದಿದರು. "ಇದು ಸುಳ್ಳು" ಎಂದರು.

"ಹೌದು ಸರ್."

"ಇದು ಪ್ರಕಟವಾದ ಮೇಲೆ ನಿಮ್ಮ ಕ್ಷೇತ್ರಕಾರ್ಯವನ್ನು ಯಾರೂ ನಂಬುವುದಿಲ್ಲ. ಹಿಂದಿನದನ್ನೂ ಕೆದಕುತ್ತಾರೆ."

"ಹೌದು ಸರ್."

ಎರಡು ಸಲ ಕನ್ನಡಕ ಒರೆಸಿದರು. "ವ್ಹಯ್" ಎಂದರು ಕೊನೆಗೆ, ಮೊದಲ ಸಲ ನನ್ನೆದುರಿಗೆ. ಸಂಸ್ಥೆಯ ಜಾಲತಾಣದಲ್ಲಿ ಹಾಕಲು ಸಹಿ ಮಾಡಿಕೊಟ್ಟರು.

ಬೂದು ಕೋಟಿನವರಿಗೂ ಬರೆದೆ. ತಾವು ಗಮನಿಸಿ ಕೇಳಿದ್ದರಿಂದಲೇ ಮತ್ತೆ ಪರಿಶೀಲಿಸಿದೆ, ನಾಚಿಕೆಯಾಗಿದೆ, ಕೃತಜ್ಞಳು. ಅವರ ಉತ್ತರ ಬರುವವರೆಗೆ ಬಾಗಿಲ ಗಂಟೆ ಬಾರಿಸಿದರೂ ಬೆಚ್ಚುತ್ತಿದ್ದೆ. ಉತ್ತರ ಎರಡೇ ಸಾಲು: ತಿಳಿದು ಬೇಸರವಾಯಿತು. ನಿಮ್ಮ ಕಿವಿ ಬಹಳ ಚೆನ್ನಾಗಿದೆ ಎಂದುಕೊಂಡಿದ್ದೆ.

ಅವರು ನಂಬಿದರೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಪ್ರಕಾಶಕರು ಪುಸ್ತಕ ಕೈಬಿಟ್ಟರು. ಗುರುತು ಅಳಿಸುವುದು ಕಲಿಯಲು ಹೊಸಬರು ಯಾರೂ ನನ್ನ ಕೋಣೆಗೆ ಬರುವುದಿಲ್ಲ. ಒಂದು ವಿಚಾರಸಂಕಿರಣದಲ್ಲಿ ನಾನು ಪ್ರಶ್ನೆ ಕೇಳಲು ಎದ್ದಾಗ, "ಮೈಕು ಜೋರು ಮಾಡಿ, ಮೇಡಂಗೆ ಸರಿಯಾಗಿ ಕೇಳಿಸಲಿ" ಎಂದು ಯಾರೋ ಅಂದರು, ಸಭೆ ಕಿಸಕ್ಕೆಂದಿತು. ನಾನೂ ನಕ್ಕೆ. ಸುಡಲಿ, ನಗದೆ ಏನು ಮಾಡಲಿ.

ವಿದ್ಯಾರ್ಥಿನಿ ಎದೆ ಗಟ್ಟಿ ಮಾಡಿಕೊಂಡು ಪಾಸ್‌ಪೋರ್ಟಿಗೆ ಹೋದಳು. ಕೌಂಟರಿನಲ್ಲಿ ಹುಟ್ಟೂರು ಯಾವುದೆಂದು ಕೇಳಿದರಂತೆ, ತಿಳಿದಿದ್ದರೂ. ಹೇಳಿದಳಂತೆ. ಒಳಗಿನಿಂದ ಬಂದ ಬೂದು ಕೋಟಿನವರೊಬ್ಬರು ಅವಳೊಡನೆ ಹವಾಮಾನ, ಓದು, ಪುಣೆಯ ಊಟ ಎಂದು ಬಹಳ ಹೊತ್ತು ಹರಟಿದರಂತೆ. ಇವಳು ಅಷ್ಟೂ ಹೊತ್ತು ರಾಜಧಾನಿಯ ಭಾಷೆಯಲ್ಲೇ ಉತ್ತರ ಕೊಟ್ಟಳಂತೆ. ಪಾಸ್‌ಪೋರ್ಟು ಬಂತು.

ಮಳೆಗಾಲ ಕಳೆದ ಮೇಲೆ ಊರಿನ ಸುದ್ದಿ ಸಂಬಂಧಿಕರೊಬ್ಬರ ಮೂಲಕ ಬಂತು. ಆ ಮೂರು ಹಳ್ಳಿಗೂ ಸರ್ಕಾರದ ಜನ ಬಂದಿದ್ದರು. ಶಾಲೆಯ ಅಂಗಳದಲ್ಲಿ ಊರವರನ್ನು ನಿಲ್ಲಿಸಿ, ಮತಪೆಟ್ಟಿಗೆಯ ಚಿತ್ರ ತೋರಿಸಿ, ಇದರಲ್ಲಿ ಹಾಕುವುದಕ್ಕೆ ನೀವು ಏನನ್ನುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ರಾಜಧಾನಿಯ ಪದವನ್ನೇ ಹೇಳಿದರು. ಮುದುಕಿಯರೂ ಹೇಳಿದರು. ಬಂದವರು ಹೋದರು. ಅಣ್ಣ ಇದ್ದಾನೆ, ಪಾಠ ಮಾಡುತ್ತಿದ್ದಾನೆ. ಮಕ್ಕಳು ತರಗತಿಯಲ್ಲಿ ಮರೆತು ಹಳೆಯ ಪದ ಅಂದರೆ ಅವನೇ ತಡೆದು, ಸರ್ಕಾರಿ ಪದವನ್ನು ಮೂರು ಸಲ ಹೇಳಿಸುತ್ತಾನಂತೆ. ನನ್ನ ತಿದ್ದುಪಡಿಯಿಂದ ಬಂದವರ ಬಿಗಿ ಕಡಿಮೆಯಾಯಿತೋ, ಊರಿನವರ ನಾಲಿಗೆಯೇ ಅವನನ್ನು ಕಾಯಿತೋ, ಹೇಳಲಾರೆ. ಅವನು ಬದುಕಿದ್ದಾನೆ.

ಆಮೇಲೆ ಪುಣೆಯಲ್ಲಿ ಪಾಲಿಕೆ ಚುನಾವಣೆ ಬಂತು. ಆ ದಿನ ವಿದ್ಯಾರ್ಥಿನಿ ಊಟಕ್ಕೆ ಬಂದಿದ್ದಳು. ಬಹಳ ದಿನಗಳ ಮೇಲೆ ಬಂದದ್ದು. ಬಾಗಿಲು ಹಾಕಿತ್ತು, ಅಡುಗೆಮನೆಯಲ್ಲಿ ನಾವು ಮೂವರೇ. ಅವ್ವ ಮತ ಹಾಕಿ ಬಂದು, ಶಾಯಿಯ ಬೆರಳನ್ನು ಅವಳ ಮುಖದ ಮುಂದೆ ಹಿಡಿದಳು. ಅವಳನ್ನು ನಗಿಸಬೇಕೆಂದೇ ಇರಬೇಕು, ಕಲಿತಿದ್ದ ಆ ಪದವನ್ನು ಅಂದಳು. ತಪ್ಪಿಲ್ಲದೆ, ಅವಳ ಊರಿನ ಮುದುಕಿಯರು ಅನ್ನುವ ಹಾಗೆಯೇ ಅಂದಳು.

ಹುಡುಗಿ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. ಮುಖ ಎತ್ತಿ ಅವ್ವನನ್ನು ನೋಡಿದಳು, ಏನೂ ತಿಳಿಯದವರು ನೋಡುವ ಹಾಗೆ.

"ಅದು ಯಾವ ಮಾತವ್ವ?" ಎಂದಳು, ನಮ್ಮ ಕಲಬುರಗಿಯ ಧಾಟಿಯಲ್ಲಿ. "ನನಗ ಗೊತ್ತಿಲ್ಲ."

ಅವ್ವ ಬೆರಳು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ನಾನು ಕೇಳಿಸದವಳಂತೆ ಪಲ್ಯ ಬಡಿಸಿದೆ.